ನುಂಗಿದ್ದು ಬರೀ ಬಣ್ಣ

ಮೈಕ್ರೋಸ್ಕೋಪಿನಲ್ಲಿ ಕೆಂಪು ಚುಕ್ಕಿಗಳು ಕಂಡ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಸ್ತನ ಕ್ಯಾನ್ಸರ್ ಕೋಶಗಳು ಹೊರಬಿಟ್ಟ ಎಕ್ಸೋಸೋಮ್‌ಗಳನ್ನು ಶ್ವಾಸಕೋಶದ ಫೈಬ್ರೋಬ್ಲಾಸ್ಟ್‌ಗಳು (ಅಂಗಾಂಶಕ್ಕೆ ಆಧಾರ ಕಟ್ಟುವ ಕೋಶಗಳು) ನುಂಗಿವೆ ಅಂತ ನಂಬಿಬಿಟ್ಟಿದ್ದೆ.

ನಂಬೋಕೆ ಕಾರಣವೂ ಇತ್ತು. ಬರೀ 30ರಿಂದ 150 ನ್ಯಾನೋಮೀಟರಿನ ಈ ಪುಟ್ಟ ಚೀಲಗಳು, ಅಂದರೆ ವೆಸಿಕಲ್‌ಗಳು, ಪ್ರೋಟೀನು, ಆರ್‌ಎನ್‌ಎ ಹೊತ್ತು ದೂರದ ಅಂಗಕ್ಕೆ ಹೋಗುತ್ತವೆ. ಕ್ಯಾನ್ಸರ್ ಕೋಶ ಬರುವ ಮೊದಲೇ ಅಲ್ಲಿ ನೆಲ ಹದ ಮಾಡಿಡುತ್ತವೆ. ಚೀಲದ ಮೇಲೆ ಯಾವ ಇಂಟೆಗ್ರಿನ್ (ಅಂಟಿಕೊಳ್ಳೋಕೆ ನೆರವಾಗುವ ಪ್ರೋಟೀನು) ಇದೆ ಅನ್ನೋದರ ಮೇಲೆ ಅದು ಎಲ್ಲಿ ಇಳಿಯುತ್ತದೆ ಅನ್ನೋದು ನಿಂತಿದೆ ಎಂದು ಕ್ಯಾನ್ಸರ್ ಸಂಶೋಧಕ ಡೇವಿಡ್ ಲೈಡನ್ ತಂಡ 2015ರಲ್ಲಿ ತೋರಿಸಿತು: ಆಲ್ಫಾ6ಬೀಟಾ4 ಇದ್ದರೆ ಶ್ವಾಸಕೋಶ, ಆಲ್ಫಾವಿಬೀಟಾ5 ಇದ್ದರೆ ಯಕೃತ್ತು.

ನಾನು ಕೋಶ ಬೆಳೆದ ಮೀಡಿಯಾವನ್ನು (ಪೋಷಕ ದ್ರವವನ್ನು) ಸೆಂಟ್ರಿಫ್ಯೂಜ್‌ನಲ್ಲಿ ಮೊದಲು 300 ಜಿ (ಗುರುತ್ವದ 300 ಪಟ್ಟು), ಆಮೇಲೆ 2,000, 10,000, ಕೊನೆಗೆ 1,00,000 ಜಿ ಬಲದಲ್ಲಿ ತಿರುಗಿಸಿದ್ದೆ. ತಳಕ್ಕೆ ಕೂತ ಕೊನೆಯ ಪೆಲೆಟ್ ಕಣ್ಣಿಗೆ ಕಾಣುವುದೇ ಇಲ್ಲ. ಟ್ಯೂಬಿನ ಹೊರಮೈಗೆ ಮಾರ್ಕರಿನಲ್ಲಿ ಗುರುತು ಹಾಕಿಡದಿದ್ದರೆ ಪಿಪೆಟ್ ಎಲ್ಲಿಗೆ ಇಡಬೇಕೋ ಗೊತ್ತಾಗಲ್ಲ. ಕೋಶಗಳ ಪೋಷಣೆಗೆಂದು ಮೀಡಿಯಾಕ್ಕೆ ಹಾಕುವ ಸೀರಮ್‌ನ ಕಾಟ ಬೇರೆ. ಹಸುವಿನ ಸೀರಮ್‌ನಲ್ಲೇ ಬೇಕಾದಷ್ಟು ವೆಸಿಕಲ್ ಇರುತ್ತವೆ. ಅದನ್ನು ಮೊದಲೇ ರಾತ್ರಿಯಿಡೀ ತಿರುಗಿಸಿ ತೆಗೆಯಬೇಕು. ಅದನ್ನು ಮಾಡಿದ್ದೆ. ಪ್ರೋಟೀನು ಗುರುತಿಸುವ ಬ್ಲಾಟ್‌ನಲ್ಲಿ ಎಕ್ಸೋಸೋಮ್‌ನ ಗುರುತಾದ ಸಿಡಿ63, ಟಿಎಸ್‌ಜಿ101 ಬಂದವು, ಕೋಶದ ಒಳಚೂರು ಬೆರೆತಿದ್ದರೆ ಕಾಣಬೇಕಿದ್ದ ಕ್ಯಾಲ್ನೆಕ್ಸಿನ್ ಬರಲಿಲ್ಲ. ಎಲ್ಲ ಸರಿ ಅಲ್ವಾ?

ವೆಸಿಕಲ್‌ಗೆ ಪಿಕೆಎಚ್26 ಎಂಬ, ಪೊರೆಗೆ ಅಂಟುವ ಕೆಂಪು ಬಣ್ಣ ಹಚ್ಚಿದ್ದೆ. ಲ್ಯಾಬಿನ ಹಿರಿಯರೊಬ್ಬರು ಚಿತ್ರ ನೋಡಿ, "ವೆಸಿಕಲ್ ಇಲ್ಲದ ಟ್ಯೂಬ್ ಎಲ್ಲಿ?" ಅಂದರು. ಇರಲಿಲ್ಲ. ಸುಮ್ನೆ ಪಿಬಿಎಸ್‌ಗೆ (ಉಪ್ಪಿನ ದ್ರಾವಣಕ್ಕೆ) ಬಣ್ಣ ಹಾಕಿ, ಅದೇ ರೋಟರಿನಲ್ಲಿ ತಿರುಗಿಸಿ, ತೊಳೆದು, ಫೈಬ್ರೋಬ್ಲಾಸ್ಟ್‌ಗೆ ಕೊಟ್ಟೆ. ಅದೇ ಕೆಂಪು ಚುಕ್ಕಿಗಳು, ಒಂದು ಕೈ ಜಾಸ್ತಿಯೇ! ಈ ಬಣ್ಣ ತಾನೇ ಮುದ್ದೆಗಟ್ಟಿ, ವೆಸಿಕಲ್ ಗಾತ್ರದ ಕಣಗಳಾಗಿ, ಅವುಗಳ ಜೊತೆಯೇ ತಳಕ್ಕೆ ಕೂರುತ್ತದೆ. ನಾಲ್ಕು ತಿಂಗಳ ಚಿತ್ರಗಳು ಒಂದು ಫೋಲ್ಡರಿನಲ್ಲಿ ಹಾಗೇ ಬಿದ್ದಿವೆ.

ಆಮೇಲೆ ಬಣ್ಣ ಬಿಟ್ಟೆ. ಸಿಡಿ63ಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನ್ ಅಂಟಿಸಿದ ಕ್ಯಾನ್ಸರ್ ಕೋಶಗಳನ್ನು ಬೆಳೆಸಿದೆ. ಈ ಸಲ ಹತ್ತು ಕೋಶ ಹುಡುಕಿದರೆ ಒಂದರಲ್ಲಿ ಎರಡೋ ಮೂರೋ ಚುಕ್ಕಿ. ಆದರೆ ವೆಸಿಕಲ್ ಕುಡಿದ ಫೈಬ್ರೋಬ್ಲಾಸ್ಟ್‌ಗಳಲ್ಲಿ ಆಲ್ಫಾ ಸ್ಮೂತ್ ಮಸಲ್ ಆಕ್ಟಿನ್ ಎಂಬ ಪ್ರೋಟೀನು ಏರಿತ್ತು. ಗಡ್ಡೆಯ ಪರ ಕೆಲಸಕ್ಕೆ ನಿಂತ ಫೈಬ್ರೋಬ್ಲಾಸ್ಟಿನ ಲಕ್ಷಣ ಅದು. ವೆಸಿಕಲ್ ಬಿಡುವುದಕ್ಕೆ ಬೇಕಾದ ರಾಬ್27ಎ ಜೀನನ್ನು ತಗ್ಗಿಸಿದ ಕೋಶಗಳ ಮೀಡಿಯಾ ಕೊಟ್ಟಾಗ ಆ ಏರಿಕೆ ಅರ್ಧಕ್ಕಿಳಿಯಿತು. ಪೂರ್ತಿ ಹೋಗಲಿಲ್ಲ. ಉಳಿದರ್ಧ ಮೀಡಿಯಾದಲ್ಲಿ ಕರಗಿರುವ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನಿನ ಕೈವಾಡವೇ ಅಂತ ಈಗ ನೋಡುತ್ತಿದ್ದೇನೆ. ಕೋಶವಿಲ್ಲದ ಮೀಡಿಯಾದ ಟ್ಯೂಬ್ ಒಂದು ರೋಟರಿನಲ್ಲಿ ಕಾಯಂ ಆಗಿದೆ.