ಬೇಸ್ ಕ್ಯಾಬಿನೆಟ್ (ಬೇಸ್ ಗಿಟಾರ್‌ನ ಸ್ಪೀಕರ್ ಪೆಟ್ಟಿಗೆ) ಇರೋರು ಒಮ್ಮೆ ಓದಿ

ಧಾರವಾಡದ ಮಳೆಗಾಲದಲ್ಲಿ ಬೇಸ್ ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಬರೀ ನೆಲದ ಮೇಲೆ ಇಡಬೇಡಿ. ಪ್ಲೈವುಡ್ ತೇವ ಎಳೆದುಕೊಂಡು ಅಂಚು ಉಬ್ಬುತ್ತದೆ. ಹುಬ್ಬಳ್ಳಿಯಲ್ಲಿ ಧೂಳಿನ ಕಾಟ ಜಾಸ್ತಿ, ಅಲ್ವಾ? ಜಾಲರಿ ಬಿಚ್ಚಿ ಮೆತ್ತನೆ ಬ್ರಷ್‌ನಿಂದ ಒರೆಸಿ, ಸ್ಪೀಕರ್‌ನ ಕಾಗದದ ಕೋನ್‌ಗೆ ಒದ್ದೆ ಬಟ್ಟೆ ಮಾತ್ರ ಬೇಡ.

ಕೇಬಲ್ ವಿಷಯ ದಯವಿಟ್ಟು ಗಮನಿಸಿ. ಆಂಪ್‌ನಿಂದ (ಆಂಪ್ಲಿಫೈಯರ್) ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕಲೇಬೇಡಿ, ಪಿನ್ ನೋಡೋಕೆ ಸ್ಪೀಕರ್ ಕೇಬಲ್ ಥರಾನೇ ಇದ್ದರೂ ಅದರೊಳಗಿನ ತಂತಿ ತೀರಾ ಸಣ್ಣದು, ಬಿಸಿಯಾಗಿ ಆಂಪ್‌ಗೇ ಪೆಟ್ಟು ಬೀಳಬಹುದು. 8 ಓಮ್‌ನ (ಓಮ್ ಅಂದರೆ ವಿದ್ಯುತ್ ತಡೆಯ ಅಳತೆ) ಎರಡು ಕ್ಯಾಬಿನೆಟ್ ಪ್ಯಾರಲಲ್ ಜೋಡಿಸಿದರೆ 4 ಓಮ್ ಆಗುತ್ತದೆ, ಆಂಪ್ ಹಿಂದೆ ಬರೆದ ಕನಿಷ್ಠ ಓಮ್ ನೋಡಿಯೇ ಹಾಕಿ.

ದಪ್ಪ ‘ಇ’ (E) ತಂತಿ ನುಡಿಸಿದಾಗ ಗರ್ ಅಂದರೆ ಸ್ಪೀಕರ್ ಹೋಯ್ತು ಅಂತ ಸುಮ್ನೆ ಗಾಬರಿಯಾಗಬೇಡಿ. ಅದುರಿ ಅದುರಿ ಸ್ಪೀಕರ್‌ನ ಸ್ಕ್ರೂ ಸಡಿಲ ಆಗಿರಬಹುದು. ಎದುರುಬದುರಿನವನ್ನು ಒಂದೊಂದಾಗಿ ಹದವಾಗಿ ಬಿಗಿ ಮಾಡಿ, ಜಾಸ್ತಿ ತಿರುಗಿಸಿದರೆ ಮರದ ಹಿಡಿತ ಹೋಗುತ್ತದೆ.