ಬೆರೆತುಹೋದ ತೋಟೆಗಳನ್ನು ಕ್ಯಾಲಿಬರ್ ನೋಡಿ ಬೇರ್ಪಡಿಸುವ ಕ್ರಮ

ಮಲೆನಾಡು, ಕೊಡಗಿನ ಮನೆಗಳಲ್ಲಿ ಅಜ್ಜನ ಕಾಲದ ತೋಟೆಗಳು ಹೊಸದರ ಜೊತೆ ಒಂದೇ ಡಬ್ಬಿಯಲ್ಲಿ ಬಿದ್ದಿರುವುದುಂಟು. ಕ್ಯಾಲಿಬರ್, ಅಂದರೆ ಗುಂಡಿನ ದಪ್ಪದ ಅಳತೆ, ನೋಡಿ ಅವನ್ನು ವಿಂಗಡಿಸಲು ಕೂರುವ ಮುನ್ನ ಕೋವಿಯನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ನಳಿಗೆಗೆ ತುರುಕಿ ಅಳತೆ ನೋಡುವ ಅಭ್ಯಾಸ ಬೇಡವೇ ಬೇಡ. ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ, ಒಳ್ಳೆಯ ಬೆಳಕು ಸಾಕು.

ಮೊದಲು ತಳ ನೋಡಿ. ನಡುವೆ ಕೇಪು (ಕೋವಿಯ ಸೂಜಿ ಬಡಿದಾಗ ಸಿಡಿಯುವ ಪುಟ್ಟ ಬಿಲ್ಲೆ) ಕಾಣದಿದ್ದರೆ ಅದು ರಿಮ್‌ಫೈರ್, ಬಹುಪಾಲು .22 ಇಂಚಿನದು. ಅದರ ಅಂಚಿನೊಳಗೇ ಸಿಡಿಮದ್ದು ಇರುವುದರಿಂದ ಅಂಚನ್ನು ಒತ್ತಬೇಡಿ, ಕುಟ್ಟಬೇಡಿ. ಕೇಪು ಇರುವವನ್ನು ಅಂಚು ಹೊರಚಾಚಿದವು, ಚಾಚದವು ಎಂದು ಎರಡು ಮಾಡಿ.

ಆಮೇಲೆ ಅಳತೆ. ಗುಂಡಿನ ವ್ಯಾಸವನ್ನು ಕೇಸಿನ (ಗುಂಡು ಕೂತಿರುವ ಲೋಹದ ಕೊಳವೆಯ) ಬಾಯಿಗೆ ಅಂಟಿಕೊಂಡಂತೆ ತೆಗೆದುಕೊಳ್ಳಿ. ಮುಂದೆ ಹೋದರೆ ಗುಂಡು ಸಪೂರವಾಗಿ ಅಳತೆ ಕಡಿಮೆ ಬರುತ್ತದೆ. ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್: .315 ಎಂದರೆ 8 ಮಿ.ಮೀ. ಆದರೆ ಹೆಸರಿನ ಸಂಖ್ಯೆಯನ್ನೇ ನಂಬಿದರೆ ಎಡವುತ್ತೀರಿ. .303 ಲೆಕ್ಕಕ್ಕೆ 7.7 ಮಿ.ಮೀ. ಆದರೂ ಅದರ ಗುಂಡು ಸುಮಾರು 7.9 ಇರುತ್ತದೆ. ಹೆಸರು ಬಂದಿರುವುದು ನಳಿಗೆಯೊಳಗೆ ಸುರುಳಿ ಕೊರೆಗಳ ನಡುವೆ ಉಬ್ಬಿ ನಿಂತ ಎದುರುಬದುರು ಏಣುಗಳ ಅಂತರದಿಂದ, ಗುಂಡು ಕೂರುವುದು ಏಣುಗಳ ನಡುವಿನ ಕೊರೆಗಳ ಅಳತೆಗೆ.

ನಮ್ಮಲ್ಲಿ ಹೆಚ್ಚು ಗೊಂದಲ .32ರದ್ದು. ರಿವಾಲ್ವರಿನ .32 ಎಸ್ ಅಂಡ್ ಡಬ್ಲ್ಯು ಲಾಂಗ್, ಪಿಸ್ತೂಲಿನ .32 ಎಸಿಪಿ ಎರಡರ ಗುಂಡಿನ ವ್ಯಾಸವೂ ಸುಮಾರು 7.9 ಮಿ.ಮೀ. ಹಾಗಾಗಿ ಕೇಸಿನ ಉದ್ದವನ್ನು ಅಳೆಯಲೇಬೇಕು: ಮೊದಲನೆಯದು 23.4, ಎರಡನೆಯದು 17.3 ಮಿ.ಮೀ.

ಬಂದೂಕಿನ ಚರೆ ತೋಟೆಗಳ ಲೆಕ್ಕವೇ ಬೇರೆ. ಒಂದು ಪೌಂಡು ಸೀಸದಲ್ಲಿ 12 ಸಮ ಉಂಡೆ ಮಾಡಿದರೆ ಒಂದು ಉಂಡೆಯ ವ್ಯಾಸವೇ 12 ಬೋರ್, ಅಂದರೆ 18.5 ಮಿ.ಮೀ. ಸಂಖ್ಯೆ ಹೆಚ್ಚಿದಷ್ಟು ನಳಿಗೆ ಕಿರಿದು. 20 ಬೋರ್ 15.6 ಮಿ.ಮೀ. ಇದಕ್ಕೆ ಹೊರತಾದ .410 ಮಾತ್ರ ನೇರ ಇಂಚಿನ ಅಳತೆ. 20 ಬೋರಿನ ತೋಟೆ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದುಕೊಂಡು ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ. ಇದಕ್ಕೆಂದೇ 20 ಬೋರಿಗೆ ಹಳದಿ ಬಣ್ಣ ರೂಢಿಯಾಯಿತು. ಹಳೆಯ ತೋಟೆಗಳಲ್ಲಿ ಬಣ್ಣ ನೆಚ್ಚಬೇಡಿ, ತಳದ ಬರಹ ಓದಿ.

ಬೋರ್ ಒಂದೇ ಇದ್ದರೂ ಉದ್ದ 65, 70, 76 ಮಿ.ಮೀ. ಎಂದು ಬೇರೆಬೇರೆ ಇರುತ್ತದೆ. ಇದು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಮಡಚಿದ ಬಾಯಿಯ 70ರ ತೋಟೆ 65ರ ಹಳೆ ಕೋವಿಯಲ್ಲಿ ಸಲೀಸಾಗಿ ಕೂತು, ಹೊಡೆದಾಗ ಬಾಯಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕಾಗದದ ತೋಟೆ ಮಳೆಗಾಲದ ತೇವಕ್ಕೆ ಉಬ್ಬಿರಬಹುದು. ಅದರ ಹಿತ್ತಾಳೆ ಭಾಗವನ್ನಷ್ಟೇ ಅಳೆಯಿರಿ. ಒಣಗಿಸಲು ಬಿಸಿಲಿಗೂ ಒಲೆಯ ಬಳಿಗೂ ಒಯ್ಯಬೇಡಿ.

ತಳದಲ್ಲಿ ಕ್ಯಾಲಿಬರ್ ಇಲ್ಲದೆ ಕಾರ್ಖಾನೆಯ ಗುರುತು, ವರ್ಷ ಮಾತ್ರವಿದ್ದರೆ ಸೇನೆಯ ಮಾಲಿರಬಹುದು. 'ಕೆಎಫ್' ಪುಣೆಯ ಖಡ್ಕಿ ಕಾರ್ಖಾನೆಯ ಗುರುತು. 9 ಮಿ.ಮೀ., .303 ಸಿಕ್ಕಿದರೆ, ಪರವಾನಗಿಯಲ್ಲಿಲ್ಲದ ಬೇರಾವುದೇ ಸಿಕ್ಕಿದರೆ, ಇಟ್ಟುಕೊಳ್ಳದೆ ಠಾಣೆಗೆ ತಿಳಿಸಿ. ಹಸಿರು ಕಿಲುಬು ಹಿಡಿದವನ್ನು, ಗುರುತು ಸಿಗದವನ್ನು ಬೇರೆ ಡಬ್ಬಿಗೆ ಹಾಕಿ ಮೇಲೆ 'ಬಳಸಬಾರದು' ಎಂದು ಬರೆಯಿರಿ.