ಬೋಟ್ ಚಾರ್ಟಿಗೆ ಜೇಬಿಗೆ ಕೈ ಹಾಕುವ ಮೊದಲು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಹೊಸದಾಗಿ ಬೋಟ್ ಓಡಿಸಲು ಶುರು ಮಾಡಿದವರು ಮೊದಲು ಕೇಳುವುದೇ ಇದು: ಚಾರ್ಟ್, ಅಂದರೆ ನೀರಿನ ಆಳ ಮತ್ತು ಅಪಾಯದ ಜಾಗ ತೋರಿಸುವ ನಕ್ಷೆ, ಎಲ್ಲಿ ಅಗ್ಗಕ್ಕೆ ಸಿಗುತ್ತದೆ? ಅಗ್ಗ ಏನು, ಪುಕ್ಕಟೆಯೇ ಸಿಗುತ್ತದೆ. ಅಮೆರಿಕದ ಕರಾವಳಿಯ ಅಧಿಕೃತ ಚಾರ್ಟ್ ಮಾಡುವುದು ನೋವಾ (NOAA) ಎಂಬ ಸರ್ಕಾರಿ ಸಂಸ್ಥೆ, ಅದರ ಎಲೆಕ್ಟ್ರಾನಿಕ್ ಚಾರ್ಟ್‌ಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. (ಕಾರವಾರದ್ದು ಬೇಕಾದರೆ ಡೆಹ್ರಾಡೂನ್‌ನ ಹೈಡ್ರೋಗ್ರಾಫಿಕ್ ಕಚೇರಿಯ ಚಾರ್ಟನ್ನು ದುಡ್ಡು ಕೊಟ್ಟೇ ತರಬೇಕು.)

ಲ್ಯಾಪ್‌ಟಾಪ್ ಇದ್ದರೆ ಚಾರ್ಟ್ ತೋರಿಸುವ ಓಪನ್‌ಸಿಪಿಎನ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದೂ ಪುಕ್ಕಟೆ. ನೋವಾ ಚಾರ್ಟ್‌ಗಳನ್ನು ಅದರಲ್ಲೇ ಇಳಿಸಿಕೊಂಡು, ಒಂದು ಸಣ್ಣ ಜಿಪಿಎಸ್ ಸಿಕ್ಕಿಸಿದರೆ ನಿಮ್ಮ ಬೋಟ್ ಪರದೆ ಮೇಲೆ ಓಡಾಡುತ್ತದೆ.

ಆದರೆ ಬ್ಯಾಟರಿ ಕೈಕೊಡುತ್ತದೆ, ಅದಕ್ಕೇ ಕಾಗದವೂ ಇರಲಿ. ನೋವಾ ತನ್ನ ಹಳೆಯ ಮಾದರಿಯ ಕಾಗದದ ಚಾರ್ಟ್‌ಗಳನ್ನು ನಿಲ್ಲಿಸುವುದಾಗಿ 2019ರಲ್ಲಿ ಹೇಳಿ, 2024ರ ಕೊನೆಯ ಹೊತ್ತಿಗೆ ಆ ಕೆಲಸ ಮುಗಿಸಿತು. ಈಗ ಇರುವುದು ನೋವಾ ಕಸ್ಟಮ್ ಚಾರ್ಟ್. ಬ್ರೌಸರಿನಲ್ಲಿ ತೆರೆಯಿರಿ, ನೀವು ಓಡಾಡುವ ಜಾಗವನ್ನು ಮಧ್ಯಕ್ಕೆ ತನ್ನಿ, ಸ್ಕೇಲ್ ಮತ್ತು ಕಾಗದದ ಅಳತೆ ಆರಿಸಿ, ಪಿಡಿಎಫ್ ತಯಾರಾಗುತ್ತದೆ. ಆಳ ಅಡಿಯಲ್ಲೋ ಮೀಟರಿನಲ್ಲೋ ಅನ್ನುವುದನ್ನು ಮೊದಲೇ ನೋಡಿಕೊಳ್ಳಿ, 3 ಅಡಿಗೂ 3 ಮೀಟರಿಗೂ ಇರುವ ವ್ಯತ್ಯಾಸ ನೆಲ ತಾಗಿದ ಮೇಲೆ ಗೊತ್ತಾದರೆ ಏನು ಪ್ರಯೋಜನ, ಅಲ್ವಾ? ಖರ್ಚು ಬರುವುದು ಪ್ರಿಂಟಿಗೆ ಮಾತ್ರ. ದೊಡ್ಡ ಹಾಳೆ ಹಾಕುವ ಅಂಗಡಿಗೆ ಹೋಗಿ, 'ಹಾಳೆಗೆ ಹೊಂದಿಸು' ಬೇಡ, ಪೂರ್ತಿ ನೂರು ಪರ್ಸೆಂಟಿನಲ್ಲೇ ಹಾಕಿ ಅಂತ ಹೇಳಿ.

ಹಳೆಯ ಚಾರ್ಟ್ ಸಿಕ್ಕಿತು ಅಂತ ಕೊಳ್ಳಬೇಡಿ. ನಾನು ಒಮ್ಮೆ ಸೆಕೆಂಡ್ ಹ್ಯಾಂಡ್ ಸುರುಳಿಯೊಂದನ್ನು 5 ಡಾಲರಿಗೆ ತಂದೆ. ಅದರಲ್ಲಿದ್ದ ಒಂದು ಬಾಯ್ (ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಡುವ ಗುರುತು) ನೀರಿನಲ್ಲಿ ಇರಲೇ ಇಲ್ಲ, ಅರ್ಧ ಗಂಟೆ ಅದನ್ನೇ ಹುಡುಕುತ್ತಾ ಸುತ್ತಿದೆ. ಈಗ ಅದು ಗೋಡೆ ಮೇಲಿದೆ, ಚೆನ್ನಾಗಿಯೇ ಕಾಣುತ್ತದೆ.

ಚಾರ್ಟಿನ ಚಿಹ್ನೆಗಳಿಗೆ 'ಚಾರ್ಟ್ ನಂಬರ್ 1' ಅನ್ನುವ ಪುಸ್ತಕ ಇದೆ, ಅದರ ಪಿಡಿಎಫ್ ಸಹ ಪುಕ್ಕಟೆ. ಹೆಸರು ಚಾರ್ಟ್, ಒಳಗಿರುವುದು ಬರೀ ಚಿಹ್ನೆಗಳ ಅರ್ಥ. ಇದೇ ಕೊಲ್ಲಿಯ ದಡದ ಬರ್ಕ್ಲಿ ಊರಿನಲ್ಲಿ ನೀರಿನೊಳಗೆ ಚಾಚಿದ್ದ ಹಳೆಯ ಪಿಯರಿನ (ಕಟ್ಟೆಯ) ಮುರುಕು ಕಂಬಗಳು ದಡದಿಂದ ದೂರದವರೆಗೂ ನೀರಿನಲ್ಲಿ ಉಳಿದಿವೆ, ಆ ಗುರುತು ಓದಲು ಬರದಿದ್ದರೆ ಚಾರ್ಟ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಚಾರ್ಟಿನ ಆಳದ ಅಂಕಿ ನೀವು ಹೋದಾಗಿನ ನೀರಿನದ್ದಲ್ಲ. ಇಲ್ಲಿ ದಿನಕ್ಕೆ ಎರಡು ಸಲ ಇಳಿತ ಬರುತ್ತದೆ, ಎರಡರಲ್ಲಿ ಹೆಚ್ಚು ಇಳಿಯುವುದರ ಸರಾಸರಿಯೇ ಚಾರ್ಟಿನ ಸೊನ್ನೆ, ಆಳ ಎಣಿಸುವುದು ಅಲ್ಲಿಂದ ಕೆಳಕ್ಕೆ. ಚಾರ್ಟಿನಲ್ಲಿ 6 ಅಡಿ ಅಂತಿದೆ, ನಿಮ್ಮ ಬೋಟ್ ನೀರಿನೊಳಗೆ 5 ಅಡಿ ಮುಳುಗುತ್ತದೆ ಎನ್ನಿ. ಆ ದಿನ ಇಳಿತ ಮೈನಸ್ 1 ಅಡಿ, ಅಂದರೆ ಆ ಸೊನ್ನೆಗಿಂತ 1 ಅಡಿ ಕೆಳಗೆ ಇದ್ದರೆ ಬೋಟಿನ ತಳ ಕೆಸರಿಗೆ ಕೂತಿತು. ಹಾಗಾಗಿ ಹೊರಡುವ ದಿನದ ಉಬ್ಬರ ಇಳಿತದ ಹೊತ್ತು ಮತ್ತು ಎತ್ತರವನ್ನು, ಅದೂ ನೋವಾದಲ್ಲೇ ಸಿಗುತ್ತದೆ, ಪೆನ್ಸಿಲಿನಲ್ಲಿ ಚಾರ್ಟಿನ ಅಂಚಿಗೆ ಬರೆದುಕೊಳ್ಳಿ. ಪೆನ್ನು ಬೇಡ, ಒದ್ದೆಯಾದರೆ ಶಾಯಿ ಹರಡುತ್ತದೆ.